ಮೇಲಿನ ಮನೆಯನ್ನು ಯಾರಿಗೆ ಕೊಡಲಿ?

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಸ್ವಂತ ಮನೆಯಿದೆ. ಮಗ ವಿದೇಶದಲ್ಲಿರುವುದರಿಂದ ಕೆಳಗಿನ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಮೇಲಿನ ಎರಡು ಬೆಡ್‌ರೂಮಿನ ಮನೆಯನ್ನು ಬಾಡಿಗೆಗೆ ಕೊಡುತ್ತ ಬಂದಿದ್ದೇನೆ. ಕಳೆದ ಸಲ ನಮ್ಮ ಭಾವನವರು ಹೇಳಿದರೆಂದು, ನಮ್ಮವರೇ ಎಂದು, ಕರಾರು ಪತ್ರವಿಲ್ಲದೆ ಎರಡು ತಿಂಗಳ ಅಡ್ವಾನ್ಸ್ ಮಾತ್ರ ಪಡೆದು ಒಂದು ಕುಟುಂಬಕ್ಕೆ ಕೊಟ್ಟೆ. ಭಾವನವರೇ ಹೇಳಿದ ಮೇಲೆ ಏನು ಕೇಳುವುದು ಎಂದು ಸುಮ್ಮನಾದೆ. ಏಳು ತಿಂಗಳು ಬಾಡಿಗೆ ಕೊಡದೆ ಸತಾಯಿಸಿ ಮೊನ್ನೆಯಷ್ಟೇ ಖಾಲಿ ಮಾಡಿದರು. ಕರಾರು ಪತ್ರವೇ ಇಲ್ಲದ ಮೇಲೆ ಅವರು ಬಾಡಿಗೆದಾರರೇ ಅಲ್ಲ ಎನ್ನುತ್ತಾನೆ ನನ್ನ ಮಗ. ಈಗ 15,000 ರೂಪಾಯಿ ಬಾಡಿಗೆಗೆ ಒಂದು ಬ್ಯಾಂಕ್ ಉದ್ಯೋಗಿ ದಂಪತಿ ಮತ್ತು ಮೂವರು ಸಂಶೋಧನಾ ವಿದ್ಯಾರ್ಥಿನಿಯರು ಕೇಳಿದ್ದಾರೆ. ಬಾಡಿಗೆಯ ತಲೆನೋವೇ ಬೇಡ, 12 ಲಕ್ಷಕ್ಕೆ ಭೋಗ್ಯಕ್ಕೆ (ಬಾಡಿಗೆಯ ಬದಲು ಒಟ್ಟಿಗೆ ಹಣ ಪಡೆದು, ಅವರು ಬಿಡುವಾಗ ಹಿಂದಿರುಗಿಸುವಂತೆ) ಹಾಕಿಸಿಕೊಡುತ್ತೇನೆ ಎಂದು ಬ್ರೋಕರ್ ಒಬ್ಬರು ಹೇಳುತ್ತಿದ್ದಾರೆ. ಯಾರಿಗೆ ಕೊಡಲಿ? ನಮ್ಮ ಸಮುದಾಯದವರಿಗೆ, ಸಸ್ಯಾಹಾರಿಗಳಿಗೆ ಮಾತ್ರ ಕೊಟ್ಟರೆ ಕ್ಷೇಮವೇ?
– ಹೆಸರು ಬೇಡ, ಮೈಸೂರು

ಉತ್ತರ: ‘ಭಾವನವರೇ ಹೇಳಿದ ಮೇಲೆ ಏನು ಕೇಳುವುದು’ ಎಂದು ನೀವು ಬರೆದಿರುವ ಒಂದು ಸಾಲಿನಲ್ಲಿ ನಿಮಗಾದ ನಷ್ಟದ ಕಾರಣವೆಲ್ಲ ಇದೆ. ಬಾಡಿಗೆ ವ್ಯಾಜ್ಯಗಳನ್ನೇ ನಡೆಸುತ್ತ ವಕೀಲಿಯಲ್ಲಿ ಇಪ್ಪತ್ತೈದು ವರ್ಷ ಕಳೆದ ನನ್ನ ಬಳಿಗೆ ಬರುವ ಮಾಲೀಕರಲ್ಲಿ, ಗುರುತು ಪರಿಚಯವಿಲ್ಲದವರಿಗೆ ಕೊಟ್ಟು ಕೆಟ್ಟವರಿಗಿಂತ ಬೇಕಾದವರ ಮಾತಿಗೆ ಕಟ್ಟುಬಿದ್ದು ಕೊಟ್ಟು ಪೇಚಿಗೆ ಸಿಲುಕಿದವರೇ ಹೆಚ್ಚು. ಅಪರಿಚಿತರಾದರೆ ನಾವು ಎಲ್ಲಿ ಕೆಲಸ, ಎಷ್ಟು ಸಂಬಳ, ಈಗಿರುವ ಮನೆ ಏಕೆ ಬಿಡುತ್ತಿದ್ದೀರಿ ಎಂದು ಕೇಳುತ್ತೇವೆ, ಅಡ್ವಾನ್ಸ್ ಕೈಗೆ ಬರುವವರೆಗೆ ಬೀಗದ ಕೈ ಕೊಡುವುದಿಲ್ಲ; ನೆಂಟರ ಕಡೆಯವರೆಂದ ಕೂಡಲೇ ದಾಕ್ಷಿಣ್ಯ ನಮ್ಮ ಬಾಯಿ ಕಟ್ಟಿಬಿಡುತ್ತದೆ. ಆದ್ದರಿಂದ ಈ ಸಲ ಯಾರೇ ಬರಲಿ, ಯಾರ ಕಡೆಯಿಂದಲೇ ಬರಲಿ, ಎಲ್ಲರಿಗೂ ಅವೇ ಪ್ರಶ್ನೆಗಳನ್ನು ಕೇಳುತ್ತೇನೆ, ಅವೇ ಕಾಗದಗಳನ್ನು ನೋಡುತ್ತೇನೆ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ‘ನಮ್ಮ ವಕೀಲರು ಹಾಗೆ ಹೇಳಿದ್ದಾರೆ’ ಎಂದು ನನ್ನ ಮೇಲೆ ಹಾಕಿದರೂ ನನ್ನ ಅಭ್ಯಂತರವಿಲ್ಲ.

ಆರಿಸುವಾಗ ಇಷ್ಟೊಂದು ಎಚ್ಚರ ಏಕೆ ಬೇಕೆಂಬುದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತು ಹೇಳಬೇಕು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದೊಂದು ಇದೆಯಾದರೂ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಮನೆಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ ಪ್ರಕಾರ ತಿಂಗಳ ಬಾಡಿಗೆಗಿರುವವರಿಗೆ ಹದಿನೈದು ದಿನಗಳ ನೋಟಿಸ್ ಕೊಟ್ಟು ಬಾಡಿಗೆ ಸಂಬಂಧವನ್ನು ಕೊನೆಗೊಳಿಸಬಹುದು. ಕೇಳುವುದಕ್ಕೆ ಇದು ಬಹಳ ಸುಲಭವೆನಿಸುತ್ತದೆ. ಆದರೆ ನೋಟಿಸಿನ ಅವಧಿ ಮುಗಿದ ಮೇಲೂ ಅವರು ಜಾಗ ಬಿಟ್ಟು ಕದಲದಿದ್ದರೆ ನೀವು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಲೇಬೇಕು. ಬಾಗಿಲಿಗೆ ಬೀಗ ಜಡಿಯುವಂತಿಲ್ಲ, ನೀರು ನಿಲ್ಲಿಸುವಂತಿಲ್ಲ, ಫ್ಯೂಸ್ ಕೀಳುವಂತಿಲ್ಲ. ಕಾನೂನಿನ ಕ್ರಮ ಬಿಟ್ಟು ಹೊರಹಾಕಿದರೆ, ಹಾಗೆ ಹೊರಬಿದ್ದವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಸ್ವಾಧೀನ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಲ್ಲಿ ಅವಕಾಶವಿದೆ, ಮತ್ತು ಆ ದಾವೆಯಲ್ಲಿ ‘ಮನೆ ನನ್ನದು’ ಎಂಬ ನಿಮ್ಮ ವಾದ ನಡೆಯುವುದಿಲ್ಲ. ಕರಾರು ಪತ್ರವಿರಲಿಲ್ಲವಾದ್ದರಿಂದ ಅವರು ಬಾಡಿಗೆದಾರರೇ ಅಲ್ಲ ಎಂದು ನಿಮ್ಮ ಮಗ ಹೇಳಿದ್ದಾಗಿ ಬರೆದಿದ್ದೀರಿ, ಅದೂ ತಪ್ಪು. ಬಾಯಿಮಾತಿನಲ್ಲಿ ಒಪ್ಪಿ ಮನೆ ವಹಿಸಿಕೊಟ್ಟರೂ ಬಾಡಿಗೆ ಸಂಬಂಧ ಹುಟ್ಟುತ್ತದೆ. ಏಳು ತಿಂಗಳಿಗೆ ಅವರಾಗಿಯೇ ಹೋದದ್ದನ್ನು ನಾನಂತೂ ನಿಮ್ಮ ಪುಣ್ಯವೆಂದೇ ಎಣಿಸುತ್ತೇನೆ.

ಆರಿಸಬೇಕಾದರೆ ಮೊದಲು ನಾಲ್ಕು ಜನ ಬರಬೇಕು. ಒಬ್ಬರೇ ಬಂದಾಗ ನಾವು ಆರಿಸುವುದಿಲ್ಲ, ಒಪ್ಪಿಕೊಳ್ಳುತ್ತೇವೆ. ನಿಮ್ಮ ಬೀದಿಯಲ್ಲಿ ಅಂಥದೇ ಮನೆಗೆ 15,000 ನಡೆಯುತ್ತಿದ್ದರೆ ನೀವು 14,500 ಹೇಳಿ. ವರ್ಷಕ್ಕೆ 6,000 ರೂಪಾಯಿ ಬಿಟ್ಟಂತಾಗುತ್ತದೆ, ಒಂದು ತಿಂಗಳು ಮನೆ ಖಾಲಿ ಬಿದ್ದರೆ ಆಗುವ ನಷ್ಟ ಅದರ ಎರಡರಷ್ಟಕ್ಕಿಂತ ಹೆಚ್ಚು. ಕಾಲವನ್ನೂ ನೋಡಬೇಕು. ಶಾಲೆಗಳು ತೆರೆಯುವ ಮುನ್ನ, ಏಪ್ರಿಲ್–ಮೇ ತಿಂಗಳಲ್ಲಿ ಮಕ್ಕಳಿರುವ ಕುಟುಂಬಗಳು ಮನೆ ಹುಡುಕುತ್ತವೆ. ಆಷಾಢದಲ್ಲೂ ಧನುರ್ಮಾಸದಲ್ಲೂ ನಮ್ಮ ಕಡೆ ಹಾಲುಕ್ಕಿಸುವವರು ಕಡಿಮೆ. ಆಷಾಢಕ್ಕೆ ಮನೆ ಖಾಲಿಯಾದರೆ ಗಾಬರಿಯಿಂದ ಬಂದವರಿಗೆ ಕೊಟ್ಟುಬಿಡುವ ಬದಲು ಆ ತಿಂಗಳಲ್ಲಿ ಸುಣ್ಣಬಣ್ಣ, ನಲ್ಲಿ ರಿಪೇರಿ ಮುಗಿಸಿ ಶ್ರಾವಣಕ್ಕೆ ಕಾಯಿರಿ. ಒಳ್ಳೆಯ ಬಾಡಿಗೆದಾರರೂ ಮಾಲೀಕರನ್ನು ಆರಿಸುತ್ತಾರೆಂಬುದನ್ನು ನಾವು ಮರೆತುಬಿಡುತ್ತೇವೆ. ಮನೆ ನೋಡಲು ಬಂದವರು ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು ತೆಗೆದು, ಬಗ್ಗಿ, ತೇವದ ವಾಸನೆ ಬರುತ್ತಿದೆಯೇ ಎಂದು ನೋಡಿದರೆ ಬೇಸರಿಸಬೇಡಿ. ಹಾಗೆ ನೋಡುವವರು ಬಹಳ ಕಾಲ ಇರಲು ಬಂದವರು. ಹಜಾರದಲ್ಲೇ ನಿಂತು ‘ಎಲ್ಲ ಸರಿಯಿದೆ, ಯಾವಾಗ ಬರಲಿ?’ ಎಂದವರ ವಿಷಯದಲ್ಲಿ ಎರಡು ಪ್ರಶ್ನೆ ಹೆಚ್ಚಿಗೆ ಕೇಳಿ.

ಹುಡುಕುವ ದಾರಿಗಳಲ್ಲಿ ಗೇಟಿಗೆ ನೇತುಹಾಕುವ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡನ್ನು ಹಳೆಯದೆಂದು ತಳ್ಳಿಹಾಕಬೇಡಿ. ಅದನ್ನು ನೋಡಿ ಬರುವವರು ಆ ಬಡಾವಣೆಯಲ್ಲೇ ಓಡಾಡುವವರು, ಅವರ ಬಗ್ಗೆ ಹಾಲಿನ ಬೂತಿನವರನ್ನೋ ದಿನಸಿ ಅಂಗಡಿಯವರನ್ನೋ ವಿಚಾರಿಸಬಹುದು. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ, ಬಿಇಎಂಎಲ್, ರೈಲ್ವೆ, ವಿಶ್ವವಿದ್ಯಾಲಯ ಎಂದು ಸಂಬಳ ನಿಗದಿಯಾದ ಜನ ಬೇಕಾದಷ್ಟಿದ್ದಾರೆ. ಅಲ್ಲಿ ಕೆಲಸ ಮಾಡುವ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು ತಿಳಿಸಿಡಿ. ಆಗಲೂ ಅವರು ವಿಷಯ ಮುಟ್ಟಿಸಲಿ, ಶಿಫಾರಸು ಮಾಡುವುದು ಬೇಡ. ನೋಬ್ರೋಕರ್, ಮ್ಯಾಜಿಕ್‌ಬ್ರಿಕ್ಸ್‌ನಂಥ ಜಾಲತಾಣಗಳಲ್ಲಿ ಹಾಕಿದರೆ ಒಂದೇ ದಿನದಲ್ಲಿ ಹತ್ತಾರು ಕರೆ ಬರುತ್ತವೆ, ಅವುಗಳಲ್ಲಿ ಒಂದೆರಡು ವಂಚಕರದ್ದಾಗಿರುತ್ತವೆ. ‘ನಾನು ಸೈನ್ಯದಲ್ಲಿದ್ದೇನೆ, ಮೈಸೂರಿಗೆ ವರ್ಗವಾಗಿದೆ, ಮನೆ ನೋಡದೆಯೇ ಅಡ್ವಾನ್ಸ್ ಕಳಿಸುತ್ತೇನೆ, ನಾನು ಕಳಿಸಿದ ಕ್ಯೂಆರ್ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿ’ ಎನ್ನುವ ಕರೆ ಬಂದರೆ ಫೋನ್ ಇಟ್ಟುಬಿಡಿ. ಹಣ ನಮಗೆ ಬರಬೇಕಾದಾಗ ಸ್ಕ್ಯಾನ್ ಮಾಡುವುದಾಗಲಿ ಪಿನ್ ಒತ್ತುವುದಾಗಲಿ ಬೇಕಿಲ್ಲ. ಪಿನ್ ಒತ್ತಿದರೆಂದರೆ ಹಣ ನಮ್ಮ ಖಾತೆಯಿಂದ ಹೋಯಿತೆಂದೇ ಅರ್ಥ.

ಇನ್ನು ಬಂದವರನ್ನು ಅಳೆಯುವ ವಿಚಾರ. ಇಡೀ ಉತ್ತರದಲ್ಲಿ ನೀವು ನೆನಪಿಡಬೇಕಾದ ಒಂದು ಕೆಲಸವೆಂದರೆ ಅವರು ಈ ಹಿಂದೆ ಇದ್ದ ಮನೆಯ ಮಾಲೀಕರನ್ನು ಕಂಡು ಬರುವುದು. ಈಗಿರುವ ಮನೆಯ ಮಾಲೀಕರನ್ನಷ್ಟೇ ಕೇಳಿದರೆ ಸಾಲದು: ಬಾಡಿಗೆ ಕೊಡದೆ ಸತಾಯಿಸುತ್ತಿರುವವರು ತೊಲಗಿದರೆ ಸಾಕೆಂದು ಕಾಯುತ್ತಿರುವ ಮಾಲೀಕರು ‘ದೇವರಂಥ ಜನ’ ಎಂದೇ ಹೇಳುತ್ತಾರೆ, ಬಿಡಲು ಮನಸ್ಸಿಲ್ಲದ ಮಾಲೀಕರು ಒಳ್ಳೆಯವರ ಮೇಲೂ ಒಂದು ಹುಳುಕು ಹೇಳಿಯಾರು. ಅದಕ್ಕೂ ಹಿಂದಿನ ಮನೆಯವರಿಗೆ ಇಂಥ ಯಾವ ಹಂಗೂ ಇರುವುದಿಲ್ಲ. ‘ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಂಡು ವಾಪಸು ಕೊಟ್ಟಿರಿ?’ ಎಂದು ಅವರನ್ನು ಕೇಳಿ ನೋಡಿ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದೆವು ಎಂದರೆ ಅದು ಎಲ್ಲೆಡೆಯ ರೂಢಿ, ಚಿಂತೆಯಿಲ್ಲ. ‘ಬಾಕಿ ಬಾಡಿಗೆಗೇ ಅಡ್ವಾನ್ಸ್ ಮುಗಿದು ಹಿಡಿಯಲು ಏನೂ ಉಳಿದಿರಲಿಲ್ಲ’ ಎಂದರೆ ಮುಂದೆ ಕೇಳುವುದೇ ಬೇಡ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ವಕೀಲಿ ಶುರು ಮಾಡಿದ ಹೊಸದರಲ್ಲಿ ನಮ್ಮ ತಂದೆಯ ಕಾಲದ ಮನೆಯೊಂದನ್ನು ನೋಡಲು ಇಸ್ತ್ರಿ ಮಾಡಿದ ಬಿಳಿ ಅಂಗಿಯವರೊಬ್ಬರು ಬಂದು, ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಮುಂಗಡವಾಗಿ ಕೊಡುತ್ತೇನೆ, ಸಂಜೆಗೆ ಮುಹೂರ್ತವಿದೆ, ಬೀಗದ ಕೈ ಕೊಡಿ ಎಂದರು. ಹಣ ಎಣಿಸಿಕೊಂಡ ಸಂಭ್ರಮದಲ್ಲಿ ನಾನು ಕರಾರು ಪತ್ರವನ್ನು ನಾಳೆ ಬರೆದರಾಯಿತು ಎಂದುಕೊಂಡೆ. ಮರುವಾರ ಹೋಗಿ ನೋಡಿದರೆ ಬಾಗಿಲ ಹೊರಗೆ ಒಂಬತ್ತು ಜೊತೆ ಚಪ್ಪಲಿ: ಒಂಬತ್ತು ಹುಡುಗರಿಂದ ಪ್ರತ್ಯೇಕವಾಗಿ ಅಡ್ವಾನ್ಸ್ ವಸೂಲಿ ಮಾಡಿ ಆತ ಅದನ್ನು ಹಾಸ್ಟೆಲ್ ಮಾಡಿದ್ದ. ಆ ಹುಡುಗರ ತಪ್ಪೇನೂ ಇರಲಿಲ್ಲ, ಅವರನ್ನು ಬೀದಿಗೆ ಹಾಕುವುದೂ ಸಾಧ್ಯವಿರಲಿಲ್ಲ. ಬಿಡಿಸಿಕೊಳ್ಳಲು ಹನ್ನೊಂದು ತಿಂಗಳು ಹಿಡಿಯಿತು. ಕೇಳಿದ್ದಕ್ಕಿಂತ ಹೆಚ್ಚು ಹಣವನ್ನು ಅವಸರದಿಂದ ಕೊಡುವವರನ್ನು ಕಂಡರೆ ನನಗೆ ಇವತ್ತಿಗೂ ಆ ಚಪ್ಪಲಿಗಳೇ ಕಣ್ಮುಂದೆ ಬರುತ್ತವೆ.

ಹಣಕಾಸಿನ ಪರಿಶೀಲನೆಗೆ ಸಂಬಳದ ಚೀಟಿ ಎಲ್ಲರೂ ಕೇಳುತ್ತಾರೆ. ಮನೆಗೆ ಬರುವ ಒಟ್ಟು ಆದಾಯ ಬಾಡಿಗೆಯ ಮೂರು ಪಟ್ಟಾದರೂ ಇರಲಿ ಎಂಬುದು ಒಂದು ಅಂದಾಜು. ನಿಮ್ಮ ಮನೆಗೆ 45,000 ಎಂದಾಯಿತು. ಆದರೆ ಸಂಬಳವಿದ್ದೂ ಬಾಡಿಗೆ ಕೊಡದವರಿದ್ದಾರೆ, ಆದ್ದರಿಂದ ಸಂಬಳಕ್ಕಿಂತ ನನಗೆ ಮುಖ್ಯವೆನಿಸುವುದು ಕೊಟ್ಟ ಅಭ್ಯಾಸ. ಈಗಿನ ಮಾಲೀಕರಿಗೆ ಕಳೆದ ಆರು ತಿಂಗಳು ಬಾಡಿಗೆ ಕಳಿಸಿದ ದಾಖಲೆಯನ್ನು ಅವರ ಫೋನಿನಲ್ಲೇ ತೋರಿಸಲು ಕೇಳಿ. ಪ್ರತಿ ತಿಂಗಳೂ ಐದನೆಯ ತಾರೀಖಿನೊಳಗೆ ಹೋಗಿದೆಯೇ, ಇಲ್ಲವೇ ಒಂದು ತಿಂಗಳು 9, ಇನ್ನೊಂದು ತಿಂಗಳು 23, ಮಧ್ಯದಲ್ಲಿ ಒಂದು ತಿಂಗಳು ಮಾಯ ಎಂಬಂತಿದೆಯೇ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಅವರು ಕಾಗದ ತೋರಿಸುವಾಗ ನೀವೂ ತೋರಿಸಬೇಕಾದದ್ದೊಂದಿದೆ. ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ಮೀರಿದಾಗ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗಾಗಿ ಉದ್ಯೋಗಿಗಳು ಮಾಲೀಕರ ಪ್ಯಾನ್ ಸಂಖ್ಯೆಯನ್ನು ತಮ್ಮ ಕಚೇರಿಗೆ ಕೊಡಬೇಕಾಗುತ್ತದೆ. ಅದನ್ನು ಕೊಡಲೊಪ್ಪದ ಮಾಲೀಕರಿಗೆ ಸಂಬಳದಾರರು ಕೈಮುಗಿದು ಹೊರಟುಹೋಗುತ್ತಾರೆ, ಉಳಿಯುವವರು ಯಾರೆಂದು ನೀವೇ ಊಹಿಸಬಹುದು. ತೆರಿಗೆಯ ಭಯವೂ ಅಷ್ಟೊಂದು ಬೇಕಿಲ್ಲ: ವರ್ಷಕ್ಕೆ 1,80,000 ಬಾಡಿಗೆ ಬಂದರೆ ನೀವು ಕಟ್ಟಿದ ಮನೆ ಕಂದಾಯವನ್ನು ಕಳೆದು, ಉಳಿದದ್ದರಲ್ಲಿ ಶೇ 30ನ್ನು ಯಾವ ರಸೀದಿಯೂ ಇಲ್ಲದೆ ಕಳೆದು, ಮಿಕ್ಕಿದ್ದಷ್ಟೇ ಆದಾಯವೆಂದು ಲೆಕ್ಕ.

ಸಮುದಾಯದ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಏಳು ತಿಂಗಳು ಬಾಡಿಗೆ ಕೊಡದವರು ನಿಮ್ಮವರೇ ಆಗಿದ್ದರು. ಆ ಜರಡಿಯಲ್ಲಿ ಏನು ನಿಲ್ಲುತ್ತದೆ, ಏನು ಸೋರುತ್ತದೆ ಎಂಬುದನ್ನು ನೀವು ಈಗಾಗಲೇ ನೋಡಿದ್ದೀರಿ. ಕಾನೂನೂ ಇಲ್ಲಿ ಪೂರ್ತಿ ಮೌನವಾಗಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ವಾಸದ ಮನೆಯಲ್ಲಿ ನೆಲೆಸುವುದಕ್ಕೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆಯೂ ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆಯೂ ಬಾಡಿಗೆ ಮನೆಯ ವಿಷಯದಲ್ಲಿ ತಾರತಮ್ಯದಿಂದ ರಕ್ಷಣೆ ಕೊಟ್ಟಿವೆ. ಸಸ್ಯಾಹಾರದ ಮಾತು ಬೇರೆ. ಮೇಲಿನ ಮನೆಯ ಒಗ್ಗರಣೆ ಕೆಳಗಿನ ಮನೆಗೆ ಬರುವುದು ನಿಜ, ಮೀನು ಹುರಿದ ವಾಸನೆ ನಿಮಗೆ ಸಹಿಸಲಾಗದೆಂದರೆ ಅದು ನಿಮ್ಮ ಇಷ್ಟ. ಆದರೆ ಅದನ್ನು ಫೋನಿನಲ್ಲೇ ಹೇಳಿಬಿಡಿ. ರಜೆ ಹಾಕಿ, ಮಕ್ಕಳನ್ನು ಕರೆದುಕೊಂಡು ಬಂದವರನ್ನು ಜಗುಲಿಯಲ್ಲಿ ಕೂರಿಸಿ ‘ನೀವು ಯಾವ ಪೈಕಿ?’ ಎಂದು ಕೇಳುವುದು ಯಾರಿಗೂ ಶೋಭಿಸುವ ಮಾತಲ್ಲ. ಈ ಒಂದು ಷರತ್ತಿನಿಂದ ಬರುವವರ ಸಂಖ್ಯೆ ತುಂಬ ಇಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನನ್ನು ಕೇಳಿದರೆ ನೀರು, ಗೇಟು, ಗಾಡಿ ನಿಲ್ಲಿಸುವ ಜಾಗ, ರಾತ್ರಿಯ ಸದ್ದು ಎಂಬ ನಾಲ್ಕರ ಬಗ್ಗೆ ಸ್ಪಷ್ಟವಾಗಿ ಮಾತಾಡಿಕೊಂಡರೆ ಕೆಳಗಿನವರಿಗೂ ಮೇಲಿನವರಿಗೂ ಜಗಳ ಬರುವ ಕಾರಣಗಳಲ್ಲಿ ಹೆಚ್ಚಿನವು ಮುಗಿದಂತೆ. ಹತ್ತು ಗಂಟೆಗೆ ಗೇಟಿಗೆ ಬೀಗ ಹಾಕುವುದಾದರೆ ಅವರಿಗೂ ಒಂದು ಕೀ ಕೊಡಿ. ಮನೆ ಕೊಟ್ಟ ಮೇಲೆ ನೆಮ್ಮದಿಯಿಂದ ಇರಲು ಬಿಡುವುದು ಮಾಲೀಕರ ಕರ್ತವ್ಯವೆಂದು ಅದೇ 1882ರ ಕಾಯ್ದೆ ಹೇಳುತ್ತದೆ.

ಈಗ ನಿಮ್ಮ ಮುಂದಿರುವ ಮೂರು ದಾರಿಗಳು. ಭೋಗ್ಯ ಬೇಡ. 12 ಲಕ್ಷಕ್ಕೆ ಬ್ಯಾಂಕಿನಲ್ಲಿ ಶೇ 7ರ ಬಡ್ಡಿ ಸಿಕ್ಕಿತೆಂದೇ ಇಟ್ಟುಕೊಂಡರೂ ವರ್ಷಕ್ಕೆ 84,000 ಬರುತ್ತದೆ; ಬಾಡಿಗೆಯಿಂದ 1,80,000 ಬರುತ್ತದೆ. ಹೆಚ್ಚು ಬಡ್ಡಿಯ ಆಸೆಗೆ ಆ ಹಣವನ್ನು ಬೇರೆಲ್ಲೋ ಹೂಡಿದರೆ, ಅವಧಿ ಮುಗಿದ ದಿನ 12 ಲಕ್ಷವನ್ನು ಒಟ್ಟಿಗೆ ತಂದುಕೊಡುವವರೆಗೆ ಅವರು ಮನೆ ಬಿಡುವುದಿಲ್ಲ, ಬಿಡಿ ಎನ್ನುವ ಬಾಯಿ ನಿಮಗೂ ಇರುವುದಿಲ್ಲ. ಆ ಬ್ರೋಕರ್ ‘ಮನೆ ನನಗೆ ಬಾಡಿಗೆಗೆ ಬರೆದುಕೊಡಿ, ಜನರನ್ನು ನಾನೇ ತರುತ್ತೇನೆ’ ಎಂದರೆ ಖಂಡಿತ ಒಪ್ಪಬೇಡಿ. ಮಾಲೀಕರಿಂದ ಬಾಡಿಗೆಗೆ ಪಡೆದ ಮನೆಯನ್ನೇ ಮೂರನೆಯವರಿಗೆ ಲಕ್ಷಾಂತರಕ್ಕೆ ಭೋಗ್ಯಕ್ಕೆ ಕೊಟ್ಟು, ನಾಲ್ಕಾರು ತಿಂಗಳು ಬಾಡಿಗೆ ಕಟ್ಟಿ ಪರಾರಿಯಾದವರ ಪ್ರಕರಣಗಳು ಬೆಂಗಳೂರಿನಲ್ಲಿ ಸಾಕಷ್ಟು ನಡೆದಿವೆ; ಅಲ್ಲಿ ಮಾಲೀಕರೂ ಭೋಗ್ಯದವರೂ ಇಬ್ಬರೂ ಮೋಸ ಹೋದವರೇ, ಒಬ್ಬರ ವಿರುದ್ಧ ಒಬ್ಬರು ನಿಂತಿರುತ್ತಾರೆ.

ಬ್ಯಾಂಕ್ ದಂಪತಿಗೂ ವಿದ್ಯಾರ್ಥಿನಿಯರಿಗೂ ನಡುವೆ ನಿಮ್ಮ ಮನಸ್ಸು ದಂಪತಿಯ ಕಡೆ ವಾಲಿದೆಯೆಂದು ಪತ್ರದ ಧಾಟಿಯಿಂದಲೇ ತಿಳಿಯುತ್ತದೆ. ಇಬ್ಬರದೂ ಸಂಬಳವಾದ್ದರಿಂದ ಬಾಡಿಗೆಯ ಭಯ ಕಡಿಮೆ, ಸರಿ. ಆದರೆ ಬ್ಯಾಂಕಿನ ಅಧಿಕಾರಿಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ ಬರುತ್ತದೆ, ಎಷ್ಟು ಅವಧಿ ಉಳಿದಿದೆಯೆಂದು ಕೇಳಿ. ಪಿಎಚ್‌.ಡಿ. ಮಾಡುವವರು ನಾಲ್ಕೈದು ವರ್ಷ ಕದಲುವುದಿಲ್ಲ. ಯುಜಿಸಿಯ ಕಿರಿಯ ಸಂಶೋಧನಾ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಯಾಗಿದೆ, ಒಬ್ಬರಿಗೆ ಅದಿದ್ದರೂ ತಲೆಗೆ 5,000 ಹೊರೆಯಲ್ಲ. ತೊಡಕಿರುವುದು ಆ ಹಣ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಬರುವುದರಲ್ಲಿ. ಹಾಗಾದಾಗ ಬಾಡಿಗೆ ಹೇಗೆ ಹೊಂದಿಸುತ್ತೀರಿ ಎಂದು ಅವರನ್ನೇ ಕೇಳಿ. ಅಳುಕದೆ ಲೆಕ್ಕ ಹೇಳಿದರೆ ಅದೇ ಒಳ್ಳೆಯ ಲಕ್ಷಣ. ಅವರಿಗೆ ಕೊಡುವುದಾದರೆ ಮೂವರೂ ಕರಾರಿಗೆ ಸಹಿ ಹಾಕಬೇಕು, ಪೂರ್ತಿ ಬಾಡಿಗೆಗೆ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆಯೆಂದು ಬರೆಯಬೇಕು, ಒಬ್ಬರು ಬಿಟ್ಟು ಇನ್ನೊಬ್ಬರು ಬರುವಾಗ ನಿಮ್ಮ ಒಪ್ಪಿಗೆ ಬೇಕೆಂಬ ಸಾಲಿರಬೇಕು. ಒಂಟಿಯಾಗಿರುವ ನಿಮಗೆ ರಾತ್ರಿ ಹೊತ್ತಿನಲ್ಲಿ ಮೇಲೆ ದೀಪ ಉರಿಯುತ್ತಿರುವುದೂ ಒಂದು ಧೈರ್ಯವಲ್ಲವೇ? ಅವರನ್ನು ‘ಬ್ಯಾಚುಲರ್ಸ್’ ಎಂಬ ಒಂದೇ ಪದದಿಂದ ತಳ್ಳಿಹಾಕಬೇಡಿ ಎಂಬುದಷ್ಟೇ ನನ್ನ ಮಾತು.

ಆರಿಸಿದ ಮೇಲೆ ಕಾಗದದ ಕೆಲಸ ಬೇಗ ಮುಗಿಯುತ್ತದೆ. ಆಧಾರ್ ಪ್ರತಿ ಪಡೆಯುವಾಗ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಾಕು, ಅದರ ಮೇಲಿನ ಕ್ಯೂಆರ್ ಕೋಡನ್ನು ಆಧಾರ್ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಹೆಸರೂ ಫೋಟೊವೂ ಹೊಂದುತ್ತವೆಯೇ ಎಂದು ತಿಳಿಯುತ್ತದೆ. ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡಿ. ಅದರಿಂದ ತಿಳಿಯುವುದು ಅಪರಾಧದ ಹಿನ್ನೆಲೆಯಷ್ಟೇ, ಬಾಡಿಗೆಯ ನಡತೆಯಲ್ಲ. ಎಂದಾದರೂ ವಿದೇಶಿಯರಿಗೆ ಕೊಟ್ಟರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರ ಸಲ್ಲಿಸಬೇಕೆಂಬುದನ್ನು ಮರೆಯಬೇಡಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದಲೇ ಹನ್ನೊಂದು ತಿಂಗಳ ಕರಾರಿನ ರೂಢಿ ಬಂದಿದೆ. ಹನ್ನೆರಡನೆಯ ತಿಂಗಳು ಹೊಸದು ಬರೆಯದೆ ಹಳೆಯದರಲ್ಲೇ ಮುಂದುವರಿಯುವ ಸೋಮಾರಿತನವೂ ರೂಢಿಯೇ, ಅದು ಬೇಡ. ಅಡ್ವಾನ್ಸ್ ವಿಚಾರದಲ್ಲಿ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳಿದರೂ ರಾಜ್ಯವೊಂದು ಅದನ್ನು ತನ್ನದಾಗಿಸಿಕೊಂಡರಷ್ಟೇ ಅಲ್ಲಿ ಜಾರಿ. ಬೆಂಗಳೂರಿನ ಹಳೆಯ ಹತ್ತು ತಿಂಗಳ ಅಡ್ವಾನ್ಸ್ ಅನ್ಯಾಯ, ನೀವು ಪಡೆದ ಎರಡು ತಿಂಗಳದ್ದು ಸಾಲದು. ಐದು ತಿಂಗಳದು, ಅಂದರೆ 75,000, ನ್ಯಾಯವಾದ ಮೊತ್ತ. ಅದನ್ನು ಬ್ಯಾಂಕಿನ ಮೂಲಕವೇ ಪಡೆದು ಬೇರೆಯಾಗಿ ಠೇವಣಿ ಇಡಿ. ಅಡ್ವಾನ್ಸ್ ಖರ್ಚು ಮಾಡಿಕೊಂಡ ಮಾಲೀಕರಿಗೇ ಕೊನೆಯ ದಿನ ಗೋಡೆಯ ಮೇಲಿನ ಮೊಳೆಗಳೆಲ್ಲ ಕಾಣತೊಡಗುವುದು.

ಮತ್ತೊಂದು ಚಿಕ್ಕ ಕೆಲಸ ನಿಮ್ಮಲ್ಲಿ ಬಾಕಿಯಿರಬಹುದು. ಮೇಲಿನ ಮನೆಯ ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆಗೆ ಹೋದವರು ಗೃಹಜ್ಯೋತಿಗಾಗಿ ತಮ್ಮ ಆಧಾರ್ ಜೋಡಿಸಿದ್ದರೆ, ಅವರು ಅದನ್ನು ಬಿಡಿಸದ ಹೊರತು ಹೊಸಬರಿಗೆ ಅರ್ಜಿ ಹಾಕಲು ತೊಡಕಾಗುತ್ತದೆ. ಸೇವಾಸಿಂಧುವಿನಲ್ಲಿ ಹೀಗೆ ಬಿಡಿಸುವ ಅವಕಾಶವಿದೆ. ನಿಮ್ಮ ಭಾವನವರಿಗೆ ಹೇಳಿ ಈ ಒಂದು ಉಪಕಾರವನ್ನಾದರೂ ಅವರಿಂದ ಮಾಡಿಸಿಕೊಡಲು ಕೇಳಿ. ಮನೆ ವಹಿಸಿಕೊಡುವ ದಿನ ಹೊಸಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮೀಟರಿನ ಅಂಕಿ, ಪ್ರತಿಯೊಂದು ಕೋಣೆಯ ಗೋಡೆ, ನಲ್ಲಿ, ಗೀಸರ್, ಕಿಟಕಿಯ ಸೊಳ್ಳೆ ಪರದೆಗಳ ಫೋಟೊ ತೆಗೆದು ಅಲ್ಲೇ ಅವರಿಗೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಅದಕ್ಕೆ ಮುಂಚೆ, ಈ ವಾರವೇ, ದಂಪತಿಯಿಂದಲೂ ವಿದ್ಯಾರ್ಥಿನಿಯರಿಂದಲೂ ಹಿಂದಿನ ಎರಡು ಮನೆಗಳ ಮಾಲೀಕರ ವಿಳಾಸ ಪಡೆದುಕೊಳ್ಳಿ. ಫೋನಿನಲ್ಲಿ ಕೇಳುವುದಕ್ಕಿಂತ ಖುದ್ದಾಗಿ ಹೋಗುವುದು ಮೇಲು; ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋದರೆ ಸಾಮಾನ್ಯವಾಗಿ ಮನೆಯಲ್ಲೇ ಸಿಗುತ್ತಾರೆ.